ವಿದ್ಯಾರ್ಥಿಗೂ ಪಾಠಶಾಲೆಗೂ ಮಿತಬೆಲೆಯ ಲ್ಯಾಪ್‌ಟಾಪು: ಲಚ್ಯಾಣದ ದೃಷ್ಟಿಯಿಂದ ಒಂದು ವಿಚಾರ

೧. ಪೀಠಿಕೆ

ಹೋಟಗಿಯಿಂದ ವಿಜಾಪುರದ ಕಡೆಗೆ ಬರುವ ರೈಲುದಾರಿಯಲ್ಲಿ, ಇಂಡಿ ತಾಲ್ಲೂಕಿಗೆ ಸೇರಿದ ಲಚ್ಯಾಣವೆಂಬ ಗ್ರಾಮವಿರುವುದು. ಸಿದ್ಧಲಿಂಗ ಮಹಾರಾಜರ ಮಠದಿಂದ ಈ ಊರು ಸುತ್ತಣ ಸೀಮೆಯಲ್ಲೆಲ್ಲ ಪ್ರಸಿದ್ಧವಾಗಿದೆ. ಸುತ್ತಲಿನದು ಎರೆಯ ಹೊಲಗಳ, ಹಿಂಗಾರಿ ಜೋಳದ, ಲಿಂಬೆಯ ತೋಟಗಳ ನಾಡು. ಇಂಡಿಯ ಲಿಂಬೆಗೆ ೨೦೨೩ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆತಿದೆ. ಇಂಥ ಊರಿನ ಒಕ್ಕಲು ಮನೆತನವೊಂದು ಕಾಲೇಜಿಗೆ ಹೋಗುವ ಮಗನಿಗೋ ಮಗಳಿಗೋ ಒಂದು ಲ್ಯಾಪ್‌ಟಾಪನ್ನು ಕೊಡಿಸಬೇಕೆಂದರೆ, ಅದು ಸುಗ್ಗಿಯ ಹಣದಲ್ಲಿ ದೊಡ್ಡದೊಂದು ಪಾಲನ್ನು ತೆಗೆದಿರಿಸತಕ್ಕ ಮಾತಾಗುವುದು. ಆ ಯಂತ್ರವು ಎರಡನೆಯ ವರ್ಷದಲ್ಲಿಯೇ ಕೈಕೊಟ್ಟರೆ ಹಾಳಾಗುವುದು ಹಣವೊಂದೇ ಅಲ್ಲ. 'ಓದಿಗಾಗಿ ಮಾಡಿದ ವೆಚ್ಚ ಮಣ್ಣುಪಾಲಾಯಿತು' ಎಂಬ ಮನೆಯವರ ನಿರಾಶೆಯು ಮುಂದಿನ ಮಗುವಿನ ಓದಿಗೂ ಅಡ್ಡಿಯಾಗಿ ನಿಲ್ಲುವುದು. ಆದುದರಿಂದ ಈ ಆಯ್ಕೆಯನ್ನು ಅಂಗಡಿಕಾರನ ಮಾತಿಗೆ ಬಿಟ್ಟುಕೊಡದೆ, ವಿಚಾರಪೂರ್ವಕವಾಗಿ ಮಾಡುವುದು ಅವಶ್ಯವು.

ಸಾಹಿತ್ಯ ಸಂಶೋಧನೆಗೆ ಮೀಸಲಾದ ಪತ್ರಿಕೆಯಲ್ಲಿ ಯಂತ್ರದ ಮಾತೇಕೆಂದು ಕೆಲವರು ಶಂಕಿಸಬಹುದು. ಆದರೆ ಓಲೆಗರಿ, ಕಂಠ, ಕಾಗದ, ಅಚ್ಚಿನ ಮೊಳೆ ಇವುಗಳ ವಿಚಾರವು ಸಾಹಿತ್ಯಚರಿತ್ರೆಗೆ ಹೊರಗಿನದೆಂದು ಯಾರೂ ಹೇಳರು. ಇದೇ ಜಿಲ್ಲೆಯನ್ನು ಕರ್ಮಭೂಮಿಯಾಗಿ ಮಾಡಿಕೊಂಡ ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಹೊರತಂದರು. ಮುದ್ರಣವು ಪರರ ಕೈಯಲ್ಲಿದ್ದರೆ ಕೆಲಸ ಸಾಗದೆಂದು ಕಂಡು ತಾವೇ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ೧೯೨೬ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಬರಹದ ಉಪಕರಣವು ಯಾರ ಕೈಯಲ್ಲಿರುವುದೋ ಬರಹವೂ ಅವರ ಕೈಯಲ್ಲಿರುವುದೆಂಬುದನ್ನು ಅವರು ಮಾಡಿ ತೋರಿಸಿದರು. ಇಂದು ವಿದ್ಯಾರ್ಥಿಯ ಬರಹದ ಉಪಕರಣವು ಲ್ಯಾಪ್‌ಟಾಪು. ಅದರಲ್ಲಿ ಕನ್ನಡವು ಸಲೀಸಾಗಿ ಸಾಗುವುದೋ ಇಲ್ಲವೋ ಎಂಬ ಪ್ರಶ್ನೆಯು ನಮ್ಮದೇ ಆಗಿರುವುದರಿಂದ, ಭಾಷೋಪಾಧ್ಯಾಯರಾದ ನಾವೇ ಇದನ್ನು ಪರಿಶೀಲಿಸತಕ್ಕದ್ದು.

೨. ಹಿಂದಣ ಪ್ರಯತ್ನಗಳು ಕಲಿಸುವ ಪಾಠ

ಬಡವರಿಗೂ ಎಟಕುವ ಗಣಕಯಂತ್ರವನ್ನು ಮಾಡಬೇಕೆಂಬ ಹಂಬಲವು ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರೂ ಕೆಲವು ತಂತ್ರಜ್ಞರೂ ಕೂಡಿ ೧೯೯೯ರಲ್ಲಿ ಸಿಂಪ್ಯೂಟರ್ ಎಂಬ ಕೈಯಂತ್ರದ ಯೋಜನೆಯನ್ನು ಹೂಡಿದರು. ೨೦೦೪ರಲ್ಲಿ ಅದು 'ಅಮಿಡಾ' ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಕಲ್ಪನೆಯು ಉದಾತ್ತವಾಗಿದ್ದರೂ ಎಣಿಸಿದಷ್ಟು ಜನರ ಕೈಗೆ ಅದು ತಲುಪಲಿಲ್ಲ. ೨೦೧೧ರ ಅಕ್ಟೋಬರದಲ್ಲಿ ಕೇಂದ್ರ ಸರಕಾರವು 'ಆಕಾಶ್' ಎಂಬ ಹಲಗೆಯಂತ್ರವನ್ನು ಬಿಡುಗಡೆ ಮಾಡಿತು. ಸರಕಾರಕ್ಕೆ ಅದು ಬಿದ್ದ ಬೆಲೆ ಎರಡು ಸಾವಿರದ ಮುನ್ನೂರು ರೂಪಾಯಿಗಳ ಒಳಗೆಯೇ. ಆದರೆ ೨೫೬ ಎಂಬಿ ಸ್ಮೃತಿ, ಒತ್ತಿ ಒತ್ತಿ ಮುಟ್ಟಬೇಕಾದ ಏಳು ಅಂಗುಲದ ತೆರೆ, ಬೇಗನೆ ಬರಿದಾಗುವ ಬ್ಯಾಟರಿ ಇವುಗಳಿಂದಾಗಿ ಅಗ್ಗವೇ ಅದರ ಶತ್ರುವಾಯಿತು.

ಹೊರದೇಶಗಳಲ್ಲಿ ನಡೆದುದೂ ವಿಚಾರಾರ್ಹವೇ. ೨೦೦೫ರಲ್ಲಿ ನಿಕೊಲಾಸ್ ನೆಗ್ರೊಪಾಂಟೆಯವರು 'ಮಗುವಿಗೊಂದು ಲ್ಯಾಪ್‌ಟಾಪು' ಎಂಬ ಘೋಷಣೆಯೊಡನೆ ನೂರು ಡಾಲರಿನ ಯಂತ್ರವನ್ನು ವಾಗ್ದಾನ ಮಾಡಿದರು. ೨೦೦೭ರಲ್ಲಿ ಅದು ಸಿದ್ಧವಾದಾಗ ಬೆಲೆಯು ಇನ್ನೂರರ ಸಮೀಪಕ್ಕೆ ಏರಿತ್ತು. ಪೆರು ದೇಶವು ಅವನ್ನು ಲಕ್ಷಗಟ್ಟಲೆ ಕೊಂಡಿತು. ಅಲ್ಲಿಯ ೩೧೯ ಗ್ರಾಮೀಣ ಶಾಲೆಗಳನ್ನು ಪರೀಕ್ಷಿಸಿ ೨೦೧೨ರಲ್ಲಿ ಪ್ರಕಟವಾದ ಅಧ್ಯಯನವು, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಮಕ್ಕಳ ಅಂಕಗಳು ಹೆಚ್ಚಿದ ಕುರುಹಿಲ್ಲವೆಂದು ತಿಳಿಸಿತು. ಯಂತ್ರವನ್ನು ಹಂಚುವುದು ಬೇರೆ, ಅದರಿಂದ ಕಲಿಸುವುದು ಬೇರೆ ಎಂಬ ವಿವೇಕವು ಇದರಿಂದ ದೊರೆಯುವುದು.

ನಮ್ಮ ಕರ್ನಾಟಕ ಸರಕಾರವು ೨೦೨೧ರಲ್ಲಿ ಸರಕಾರಿ ಪದವಿ ಕಾಲೇಜು ಮೊದಲಾದ ಸಂಸ್ಥೆಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟುಗಳನ್ನು ಹಂಚಿತು. ಸಾಂಕ್ರಾಮಿಕದ ಕಾಲದಲ್ಲಿ ಪಾಠವನ್ನು ಕೇಳುವುದಕ್ಕೆ ಟ್ಯಾಬ್ಲೆಟು ತಕ್ಕುದಾಗಿತ್ತು. ಆದರೆ ಪ್ರಬಂಧವನ್ನು ಬರೆಯುವ, ಪಾಠಾಂತರಗಳನ್ನು ಹೋಲಿಸುವ ಕೆಲಸಕ್ಕೆ ಕೀಲಿಮಣೆಯಿಲ್ಲದ ಸಾಧನವು ಸಾಲದು.

ಇದಕ್ಕೆ ಪ್ರತಿಯಾಗಿ ಕಾಸರಗೋಡಿನ ಕನ್ನಡ ಶಾಲೆಗಳ ಅನುಭವವು ಗಮನಾರ್ಹವಾಗಿದೆ. ೧೯೫೬ರಲ್ಲಿ ಕೇರಳಕ್ಕೆ ಸೇರಿದ ಆ ಸೀಮೆಯ ಶಾಲೆಗಳೂ, ಆ ರಾಜ್ಯವು ೨೦೦೧ರಲ್ಲಿ ಆರಂಭಿಸಿದ ಶಾಲಾ ಗಣಕ ಯೋಜನೆಯಲ್ಲಿ ಸೇರಿದುವು. ೨೦೧೮ರ ಯೋಜನೆಯಲ್ಲಿ ಎಂಟರಿಂದ ಹನ್ನೆರಡನೆಯವರೆಗಿನ ಸುಮಾರು ೪೫,೦೦೦ ತರಗತಿಗಳಿಗೆ ಲ್ಯಾಪ್‌ಟಾಪನ್ನೂ ಪ್ರೊಜೆಕ್ಟರನ್ನೂ ಒದಗಿಸಲು ಏರ್ಪಾಡಾಯಿತು. ಅಲ್ಲಿ ಯಂತ್ರವು ಮಗುವಿನ ಚೀಲಕ್ಕಲ್ಲ, ತರಗತಿಗೆ ಬಂದಿತು. ಮುಕ್ತ ತಂತ್ರಾಂಶವು ಅದರೊಡನೆ ಬಂದಿತು. ಕನ್ನಡದಲ್ಲಿ ಪಠ್ಯಪುಸ್ತಕವೂ ಉಪಾಧ್ಯಾಯರಿಗೆ ತರಬೇತಿಯೂ ಬಂದುವು. ಈ ನಾಲ್ಕೂ ಕೂಡಿ ಬಂದುದೇ ಅದರ ಮರ್ಮವು.

೩. 'ಮಿತಬೆಲೆ' ಎಂಬುದರ ಅರ್ಥ

ಇನ್ನು 'ಅಗ್ಗ' ಎಂಬ ಮಾತಿನ ಅರ್ಥವನ್ನು ನಿಶ್ಚಯಿಸಬೇಕು. ಅಂಗಡಿಯ ಚೀಟಿಯ ಮೇಲಣ ಅಂಕೆಯು ಬೆಲೆಯ ಒಂದು ಅಂಶ ಮಾತ್ರ. ಬೆಲೆ, ರಿಪೇರಿ, ಬದಲಿ ಬ್ಯಾಟರಿ ಇವೆಲ್ಲವನ್ನೂ ಕೂಡಿಸಿ, ಯಂತ್ರವು ಕೆಲಸಕ್ಕೆ ಬರುವ ವರ್ಷಗಳಿಂದ ಭಾಗಿಸಿದರೆ ಬರುವ ವಾರ್ಷಿಕ ವೆಚ್ಚವೇ ನಿಜವಾದ ಬೆಲೆ.

ತಿಳುವಳಿಕೆಗಾಗಿ ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ೧೬,೦೦೦ ರೂಪಾಯಿಯ ಯಂತ್ರವೊಂದು ಎರಡು ವರ್ಷ ಬಾಳಿ, ರಿಪೇರಿಗೆ ಎಡೆಯಿಲ್ಲದಂತೆ ಕೆಟ್ಟರೆ ವರ್ಷಕ್ಕೆ ೮,೦೦೦ ಬಿದ್ದಂತಾಯಿತು. ೩೩,೦೦೦ದ ಯಂತ್ರಕ್ಕೆ ನಾಲ್ಕನೆಯ ವರ್ಷದಲ್ಲಿ ೩,೦೦೦ದ ಬ್ಯಾಟರಿಯನ್ನು ಹಾಕಿಸಿ ಆರು ವರ್ಷ ಬಾಳಿಸಿದರೆ ಒಟ್ಟು ೩೬,೦೦೦, ಅಂದರೆ ವರ್ಷಕ್ಕೆ ೬,೦೦೦ ಮಾತ್ರ. ಹಳೆಯದಾದರೂ ಗಟ್ಟಿಯಾದ ಕಚೇರಿ ಯಂತ್ರವನ್ನು ೧೭,೦೦೦ಕ್ಕೆ ಕೊಂಡು, ೩,೦೦೦ದ ಬ್ಯಾಟರಿಯಿಂದ ನಾಲ್ಕು ವರ್ಷ ನಡೆಸಿದರೆ ವರ್ಷಕ್ಕೆ ೫,೦೦೦. ಈ ಅಂಕೆಗಳು ಉದಾಹರಣೆಗೆ ಮಾತ್ರ. ಪೇಟೆಯ ಧಾರಣೆಯು ಏರಿಳಿಯುತ್ತಿರುವುದು. ಆದರೆ ಲೆಕ್ಕದ ಕ್ರಮವು ಎಲ್ಲ ಕಾಲಕ್ಕೂ ಒಂದೇ. ಅಗ್ಗವಾಗಿ ಕಂಡುದೇ ಮೂರರಲ್ಲಿ ತುಟ್ಟಿಯಾದುದಾಯಿತು.

೪. ಯಂತ್ರದ ಅಂಗಗಳು

ಲ್ಯಾಪ್‌ಟಾಪಿನ ಗುಣವನ್ನು ಅಳೆಯುವುದಕ್ಕೆ ಆರು ಅಂಗಗಳನ್ನು ನೋಡಿದರೆ ಸಾಕು.

ಮೊದಲನೆಯದು ಸ್ಮೃತಿ, ಅಂದರೆ ರ‍್ಯಾಮ್. ಇದು ಓದುವವನ ಮುಂದಣ ಮೇಜಿದ್ದಂತೆ. ಮೇಜು ಕಿರಿದಾದರೆ ಒಂದು ಪುಸ್ತಕವನ್ನು ತೆರೆಯಲು ಇನ್ನೊಂದನ್ನು ಮುಚ್ಚಬೇಕಾಗುವುದು. ಇಂದಿನ ಕೆಲಸಕ್ಕೆ ೮ ಜಿಬಿ ಇರತಕ್ಕದ್ದು. ೪ ಜಿಬಿಯಿಂದ ಹಗುರವಾದ ಲಿನಕ್ಸಿನಲ್ಲಿ ಕಾಲಕ್ಷೇಪ ಮಾಡಬಹುದಾದರೂ ಅದು ಕಡೆಯ ಎಲ್ಲೆ. ಮುಂದೆ ಹೆಚ್ಚಿಸಲು ಖಾಲಿ ಗೂಡು ಇದೆಯೇ, ಇಲ್ಲವೆ ರ‍್ಯಾಮನ್ನು ಹಲಗೆಗೆ ಬೆಸೆದುಬಿಟ್ಟಿದೆಯೇ ಎಂಬುದನ್ನು ಕೊಳ್ಳುವ ಮೊದಲೇ ಕೇಳಬೇಕು.

ಎರಡನೆಯದು ಸಂಗ್ರಹ. ಇದು ಕಪಾಟು ಇದ್ದಂತೆ. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕು ನಿಧಾನ, ಬಿದ್ದರೆ ಕೆಡುವುದು. ಎಸ್‌ಎಸ್‌ಡಿ ಎಂಬುದರಲ್ಲಿ ಚಲಿಸುವ ಭಾಗಗಳಿಲ್ಲ. ಹಳೆಯ ಯಂತ್ರಕ್ಕೆ ಇದೊಂದನ್ನು ಹಾಕಿಸಿದರೆ ಹೊಸ ಜೀವ ಬಂದಂತಾಗುವುದು. ಅತ್ಯಗ್ಗದ ಯಂತ್ರಗಳಲ್ಲಿ ಈಎಂಎಂಸಿ ಎಂಬ ೬೪ ಜಿಬಿಯ ಬೆಸೆದ ಸಂಗ್ರಹವಿರುವುದುಂಟು. ಅದು ಬೇಗ ತುಂಬುವುದು, ಬದಲಿಸಲು ಬಾರದು. ವಿದ್ಯಾರ್ಥಿಗೆ ೨೫೬ ಜಿಬಿ ಎಸ್‌ಎಸ್‌ಡಿ ಸಾಕು.

ಮೂರನೆಯದು ಪ್ರೊಸೆಸರು. ಪ್ರಬಂಧ, ಓದು, ಪಾಠದ ದೃಶ್ಯ ಇವುಗಳಿಗೆ ಸಾಧಾರಣ ದರ್ಜೆಯದೇ ಸಾಕಾಗುವುದರಿಂದ ಇದರ ಮೇಲೆ ಹೆಚ್ಚಿನ ಹಣವನ್ನು ಸುರಿಯಬೇಕಾದುದಿಲ್ಲ. ಹೆಸರಿಗಿಂತ ತಲೆಮಾರು ಮುಖ್ಯ: ಹತ್ತು ವರ್ಷದ ಹಿಂದಣ ಐ೭ಕ್ಕಿಂತ ಈಚಿನ ಐ೩ ಅನೇಕ ವೇಳೆ ಮೇಲಾಗಿರುವುದು.

ನಾಲ್ಕನೆಯದು ತೆರೆ. ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ನಮಗೆ ತೆರೆಯ ಸ್ಪಷ್ಟತೆಯು ಇಂಗ್ಲಿಷಿನವರಿಗಿಂತ ಹೆಚ್ಚು ಅವಶ್ಯ. ೧೯೨೦ಕ್ಕೆ ೧೦೮೦ ಚುಕ್ಕೆಗಳ ತೆರೆಯನ್ನೇ ಕೇಳಬೇಕು. ೧೩೬೬ಕ್ಕೆ ೭೬೮ರಲ್ಲಿ ಸಣ್ಣಕ್ಷರದ ಒತ್ತುಗಳು ಕಲೆಸಿದಂತೆ ತೋರಿ ಕಣ್ಣು ದಣಿಯುವುದು.

ಐದನೆಯದು ಬ್ಯಾಟರಿ. ಕರೆಂಟು ಹೋಗಿ ಬರುವ ಹಳ್ಳಿಯಲ್ಲಿ ಲ್ಯಾಪ್‌ಟಾಪಿಗೆ ಮೇಜಿನ ಗಣಕಕ್ಕಿಂತ ಇರುವ ಮೇಲ್ಮೆಯೇ ಇದು. ವ್ಯಾಟ್-ಅವರ್ ಎಂಬ ಅಳತೆಯನ್ನು ನೋಡಬೇಕು. ಸಾಧಾರಣ ಬರಹದ ಕೆಲಸಕ್ಕೆ ೧೦ ವ್ಯಾಟು ಬೇಕೆಂದಿಟ್ಟುಕೊಂಡರೆ ೪೦ ವ್ಯಾಟ್-ಅವರಿನ ಬ್ಯಾಟರಿ ನಾಲ್ಕು ತಾಸು ಬಾಳುವುದು. ಬ್ಯಾಟರಿಯನ್ನು ಬಿಚ್ಚಿ ಬದಲಿಸಲು ಬರುವುದೇ ಎಂಬುದೂ ಅಷ್ಟೇ ಮುಖ್ಯ.

ಆರನೆಯದು ದೇಹ. ಬೇಸಗೆಯಲ್ಲಿ ವಿಜಾಪುರ ಸೀಮೆಯ ಬಿಸಿಲು ೪೦ ಡಿಗ್ರಿಯನ್ನು ದಾಟುವುದು. ಎರೆಮಣ್ಣಿನ ಧೂಳು ಗಾಳಿಯೊಡನೆ ಒಳಸೇರುವುದು. ಬಿಸಿಯು ಬ್ಯಾಟರಿಗೆ ವೈರಿ. ಧೂಳು ಒಳಗಣ ಬೀಸಣಿಗೆಗೆ ವೈರಿ. ಆದುದರಿಂದ ತಳದ ಮುಚ್ಚಳವನ್ನು ಸಾಮಾನ್ಯ ಸ್ಕ್ರೂಗಳಿಂದ ಬಿಚ್ಚಿ ವರ್ಷಕ್ಕೊಮ್ಮೆ ಧೂಳನ್ನು ತೆಗೆಸಲು ಬರುವಂಥದೇ ಲೇಸು. ತೆರೆಯ ತಿರುಗಣಿಯು ಗಟ್ಟಿಯಾಗಿರಬೇಕು. ಶಾಲೆಯಲ್ಲಿ ಮೊದಲು ಮುರಿಯುವುದು ಅದೇ.

೫. ಕನ್ನಡದ ಪರೀಕ್ಷೆ

ಮೇಲ್ಕಂಡ ಗುಣಗಳೆಲ್ಲ ಇದ್ದರೂ ಕನ್ನಡವು ಸರಿಯಾಗಿ ನಡೆಯದಿದ್ದರೆ ಆ ಯಂತ್ರವು ನಮಗೆ ಅರ್ಧ ಯಂತ್ರವೇ ಸರಿ. ಇಲ್ಲಿ ಲಚ್ಯಾಣದ ರೈಲುದಾರಿಯಿಂದಲೇ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ೧೮೮೪ರಲ್ಲಿ ಗದಗಿನಿಂದ ಹೋಟಗಿಯವರೆಗೆ ಹಾಕಿದ ದಾರಿಯು ಮೀಟರ್ ಗೇಜಿನದು; ಹೋಟಗಿಯಲ್ಲಿ ಅದು ಕೂಡುತ್ತಿದ್ದ ಮುಂಬಯಿಯ ದಾರಿಯು ಬ್ರಾಡ್ ಗೇಜಿನದು. ಹಳಿಗಳ ಅಗಲವು ಬೇರೆಯಾದುದರಿಂದ ಒಂದರ ಬಂಡಿಯು ಇನ್ನೊಂದರ ಮೇಲೆ ಓಡದೆ, ಸರಕನ್ನೆಲ್ಲ ಅಲ್ಲಿ ಇಳಿಸಿ ಏರಿಸಬೇಕಾಗುತ್ತಿತ್ತು. ದಾರಿಯು ಬ್ರಾಡ್ ಗೇಜಾದ ಮೇಲೆ ಆ ತೊಡಕು ನಿಂತಿತು.

ಕನ್ನಡದ ಗಣಕಬರಹದಲ್ಲಿಯೂ ಇದೇ ನಡೆದಿದೆ. ಪ್ರತಿಯೊಂದು ತಂತ್ರಾಂಶವೂ ತನ್ನ ತನ್ನ ಸಂಕೇತದಲ್ಲಿ ಅಕ್ಷರಗಳನ್ನು ಇರಿಸುತ್ತಿದ್ದ ಕಾಲದಲ್ಲಿ ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ಗೋಜಲಾಗಿ ತೋರುತ್ತಿತ್ತು. ೧೯೯೧ರ ಯೂನಿಕೋಡ್ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತರೂ ಅದು ಮನೆಮಾತಾಗಲು ಬಹುಕಾಲ ಹಿಡಿಯಿತು. ಹಳೆಯ ಅಕ್ಷರಶೈಲಿಯಲ್ಲಿ ಟೈಪು ಮಾಡಿದ ಪ್ರಬಂಧವೊಂದು ಬೇರೆ ಯಂತ್ರಕ್ಕೆ ಹೋದೊಡನೆ ಓದಲಾಗದ ಚಿಹ್ನೆಗಳ ರಾಶಿಯಾಗಿ, ವಿದ್ಯಾರ್ಥಿಯು ಇಡೀ ಬರಹವನ್ನು ಪುನಃ ಟೈಪು ಮಾಡಿದುದನ್ನು ಈ ಲೇಖಕನು ಕಣ್ಣಾರೆ ಕಂಡಿರುವನು. ಆದುದರಿಂದ ಯೂನಿಕೋಡಿನಲ್ಲಿಯೇ ಬರೆಯುವ ಅಭ್ಯಾಸವನ್ನು ಮೊದಲ ದಿನದಿಂದಲೇ ಮಾಡಿಸತಕ್ಕದ್ದು.

ಕೊಳ್ಳುವ ಮೊದಲು ಅಂಗಡಿಯಲ್ಲಿಯೇ ಈ ಐದು ಪರೀಕ್ಷೆಗಳನ್ನು ಮಾಡಬಹುದು.

(೧) ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಸೇರಿಸಿ ಒಂದು ಪುಟವನ್ನು ಟೈಪು ಮಾಡಿ ನೋಡುವುದು. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಲಿನಕ್ಸಿನಲ್ಲಿ 'ಕಗಪ' ಎಂಬ ಹೆಸರಿನಿಂದ ಸಿದ್ಧವಾಗಿರುವುದು. ಇನ್‌ಸ್ಕ್ರಿಪ್ಟ್ ವಿನ್ಯಾಸವು ವಿಂಡೋಸ್, ಲಿನಕ್ಸ್ ಎರಡರಲ್ಲಿಯೂ ಉಂಟು.

(೨) 'ರಾಷ್ಟ್ರ', 'ಸ್ವಾತಂತ್ರ್ಯ', 'ತೀರ್ಥ', 'ರ‍್ಯಾಂಕು' ಎಂಬ ಪದಗಳನ್ನು ಬರೆದು ಒತ್ತುಗಳೂ ಅರ್ಕಾವತ್ತೂ ತಮ್ಮ ಸ್ಥಾನದಲ್ಲಿ ನಿಲ್ಲುವುವೇ ಎಂದು ನೋಡುವುದು.

(೩) ಹಳಗನ್ನಡದ ಱ, ೞ ಅಕ್ಷರಗಳು ಕಾಣುವುವೇ, ಇಲ್ಲವೆ ಅವುಗಳ ಬದಲು ಬರಿಯ ಚೌಕ ತೋರುವುದೇ ಎಂದು ನೋಡುವುದು. ಯೂನಿಕೋಡಿನ ಪಟ್ಟಿಯಲ್ಲಿ ೞ ಅಕ್ಷರಕ್ಕೆ ಪ್ರಮಾದದಿಂದ 'ಫ' ಎಂಬ ಹೆಸರು ಬಿದ್ದಿರುವುದು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮದಿಂದ ಅದು ಹಾಗೆಯೇ ಉಳಿದಿದೆ. ಪಟ್ಟಿಯಲ್ಲಿ ಹುಡುಕುವವರು ಇದನ್ನು ನೆನಪಿಡಬೇಕು. ಶಾಸನಗಳ ನಕಾರಪೊಲ್ಲು ೨೦೨೧ರ ಹದಿನಾಲ್ಕನೆಯ ಆವೃತ್ತಿಯಲ್ಲಿ ಸೇರಿದುದಾದುದರಿಂದ ಅದಕ್ಕೆ ಹೊಸ ಅಕ್ಷರಶೈಲಿಯೇ ಬೇಕು.

(೪) ಬರೆದ ಪುಟದಲ್ಲಿ ಒಂದು ಪದವನ್ನು ಹುಡುಕಿ, ಅದು ಸಿಕ್ಕುವುದೇ ಎಂದು ನೋಡುವುದು.

(೫) ಆ ಪುಟವನ್ನು ಪಿಡಿಎಫ್ ಮಾಡಿ ಇನ್ನೊಂದು ಯಂತ್ರದಲ್ಲಿ ತೆರೆದು ಓದುವುದು.

ಇವಿಷ್ಟಕ್ಕೂ ಅರ್ಧ ತಾಸು ಸಾಕು. ಅಂಗಡಿಯವನು ಇದಕ್ಕೆ ಅವಕಾಶ ಕೊಡದಿದ್ದರೆ ಬೇರೆ ಅಂಗಡಿಯನ್ನು ನೋಡುವುದು ಮೇಲು.

೬. ಕಾರ್ಯವ್ಯವಸ್ಥೆಯ ಆಯ್ಕೆ

ಯಂತ್ರವನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯವ್ಯವಸ್ಥೆಯೆಂದು ಹೆಸರು. ಇದರ ಆಯುಷ್ಯವೇ ಅನೇಕ ವೇಳೆ ಯಂತ್ರದ ಆಯುಷ್ಯವನ್ನು ನಿರ್ಣಯಿಸುವುದು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟಿನವರ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ ೧೪ರಂದು ಮುಗಿಯಿತು. ವಿಂಡೋಸ್ ೧೧ಕ್ಕೆ ೪ ಜಿಬಿ ರ‍್ಯಾಮ್, ೬೪ ಜಿಬಿ ಸಂಗ್ರಹ, ಟಿಪಿಎಂ ೨.೦ ಎಂಬ ರಕ್ಷಣಾಂಗ ಇವು ಕನಿಷ್ಠ; ಇಂಟೆಲ್ ಪ್ರೊಸೆಸರುಗಳಲ್ಲಿ ಸ್ಥೂಲವಾಗಿ ಎಂಟನೆಯ ತಲೆಮಾರಿನ ಈಚಿನವುಗಳನ್ನೇ ಅದು ಒಪ್ಪುವುದು. ಈ ಕಾರಣದಿಂದ ಗಟ್ಟಿಮುಟ್ಟಾದ ಹಳೆಯ ಯಂತ್ರಗಳು ಅನೇಕವು ಪೇಟೆಗೆ ಅಗ್ಗವಾಗಿ ಬರುತ್ತಿರುವುವು. ಇಲ್ಲಿ ಎರಡು ದಾರಿಗಳುಂಟು: ವಿಂಡೋಸ್ ಬೇಕೇಬೇಕೆಂದರೆ ಎಂಟನೆಯ ತಲೆಮಾರಿಗಿಂತ ಹಿಂದಿನದನ್ನು ಮುಟ್ಟಬಾರದು, ಲಿನಕ್ಸ್ ಸಾಕೆಂದರೆ ಆರನೆಯ ಏಳನೆಯ ತಲೆಮಾರಿನದೂ ಇನ್ನು ಕೆಲವು ವರ್ಷ ಸುಖವಾಗಿ ಬಾಳುವುದು.

ಲಿನಕ್ಸಿಗೆ ಬೆಲೆಯಿಲ್ಲ, ಲಿಬ್ರೆ ಆಫೀಸು ಎಂಬ ಬರಹದ ತಂತ್ರಾಂಶವೂ ಅದರೊಡನೆ ಉಚಿತವಾಗಿ ಬರುವುದು. ಆದರೆ ಊರಿನಲ್ಲಿ ಅದನ್ನು ಬಲ್ಲವರೊಬ್ಬರು ಇರಬೇಕು. ಇಲ್ಲವಾದರೆ ಸಣ್ಣ ತೊಡಕಿಗೂ ಯಂತ್ರವು ಮೂಲೆಗೆ ಬೀಳುವುದು. ಕ್ರೋಮ್‌ಬುಕ್ಕು ಎಂಬುದು ಅಂತರ್ಜಾಲವನ್ನು ನಂಬಿದ ಸರಳ ಯಂತ್ರ. ಅದಕ್ಕೆ ಗೂಗಲ್ಲಿನವರು ನವೀಕರಣದ ಕೊನೆಯ ದಿನವನ್ನು ಮೊದಲೇ ಗೊತ್ತುಮಾಡಿರುವರು. ೨೦೨೩ರಲ್ಲಿ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸಿದರು. ಆದರೆ ಈ ಹತ್ತು ವರ್ಷಗಳು ಆ ಮಾದರಿಯು ಹೊರಬಂದ ಕಾಲದಿಂದ ಎಣಿಸತಕ್ಕವೇ ಹೊರತು ನಾವು ಕೊಂಡ ದಿನದಿಂದಲ್ಲ. ಸಂಪರ್ಕವು ದುರ್ಬಲವಾದ ಊರಿನಲ್ಲಿ ಅದರ ಪ್ರಯೋಜನವೂ ಮಿತವಾದುದು.

೭. ಬಳಸಿದ ಯಂತ್ರವನ್ನು ಕೊಳ್ಳುವಾಗ

ಬಳಸಿದುದೆಂದರೆ ಕೀಳೆಂದು ಭಾವಿಸಬೇಕಾದುದಿಲ್ಲ. ಕಚೇರಿಗಳಿಗಾಗಿ ಮಾಡಿದ ಯಂತ್ರಗಳ ದೇಹ, ಕೀಲಿಮಣೆಗಳು ಹೊಸ ಅಗ್ಗದ ಯಂತ್ರಗಳಿಗಿಂತ ಗಟ್ಟಿ. ಆದರೂ ಎಚ್ಚರಿಕೆಯು ಅವಶ್ಯ. ಬ್ಯಾಟರಿಯು ಮೂಲಶಕ್ತಿಯಲ್ಲಿ ಎಷ್ಟನ್ನು ಉಳಿಸಿಕೊಂಡಿದೆಯೆಂಬ ವರದಿಯನ್ನು ಯಂತ್ರದಲ್ಲಿಯೇ ತೆಗೆಯಿಸಿ ನೋಡಬಹುದು. ಶೇಕಡಾ ೭೦ಕ್ಕಿಂತ ಕಡಿಮೆಯಿದ್ದರೆ ಬದಲಿ ಬ್ಯಾಟರಿಯ ವೆಚ್ಚವನ್ನು ಬೆಲೆಯಲ್ಲಿ ಕಳೆಯಬೇಕು. ಎಲ್ಲ ಕೀಲಿಗಳನ್ನೂ ಒತ್ತಿ, ಎಲ್ಲ ರಂಧ್ರಗಳಲ್ಲಿಯೂ ಪೆನ್‌ಡ್ರೈವನ್ನು ಚುಚ್ಚಿ, ಬಿಳಿಯ ತೆರೆಯ ಮೇಲೆ ಕಲೆಗಳಿವೆಯೇ ಎಂದು ನೋಡಬೇಕು. ಹಿಂದಣ ಒಡೆಯನ ಗುಪ್ತಪದವು ಉಳಿದಿದ್ದರೆ ಬಿಡಬೇಕು. ಜಿಎಸ್‌ಟಿ ಬಿಲ್ಲೂ, ಆರು ತಿಂಗಳ ಬರವಣಿಗೆಯ ಹೊಣೆಯೂ ಇಲ್ಲದೆ ಕೊಳ್ಳಬಾರದು. ವಿಜಾಪುರದಲ್ಲಾಗಲಿ ಸೊಲ್ಲಾಪುರದಲ್ಲಾಗಲಿ ಕೊಳ್ಳುವವರು, ಕೆಟ್ಟರೆ ಎಲ್ಲಿಗೆ ಒಯ್ಯಬೇಕೆಂಬುದನ್ನು ಅಂದೇ ಕೇಳಿ ಬರೆದುಕೊಳ್ಳಬೇಕು. ರಿಪೇರಿಗಾಗಿ ದೂರದೂರಿಗೆ ಎರಡು ಸಲ ಹೋಗಿ ಬಂದರೆ ಉಳಿತಾಯದಲ್ಲಿ ಒಂದಂಶ ರೈಲು ಬಸ್ಸುಗಳ ಪಾಲಾಗುವುದು.

೮. ವಿದ್ಯಾರ್ಥಿಯ ಯಂತ್ರ, ತರಗತಿಯ ಯಂತ್ರ

ಈವರೆಗೆ ಹೇಳಿದುದು ಇಬ್ಬರಿಗೂ ಸಾಮಾನ್ಯವು. ಆದರೆ ವಿದ್ಯಾರ್ಥಿಯ ಅವಶ್ಯಕತೆಯೂ ತರಗತಿಯ ಅವಶ್ಯಕತೆಯೂ ಬೇರೆ ಬೇರೆ. ವಿದ್ಯಾರ್ಥಿಗೆ ಹಗುರ, ಬ್ಯಾಟರಿಯ ಬಾಳಿಕೆ, ಸ್ಪಷ್ಟವಾದ ತೆರೆ ಇವು ಮುಖ್ಯ. ತರಗತಿಗೆ ಗಟ್ಟಿತನ, ಏಕರೂಪತೆ, ರಿಪೇರಿಯ ಸೌಲಭ್ಯ ಇವು ಮುಖ್ಯ. ಹತ್ತು ಯಂತ್ರಗಳನ್ನು ಕೊಳ್ಳುವ ಶಾಲೆಯು ಹತ್ತನ್ನೂ ಒಂದೇ ಮಾದರಿಯವನ್ನಾಗಿ ಕೊಂಡರೆ, ಕೆಟ್ಟ ಒಂದರ ಅಂಗಗಳಿಂದ ಉಳಿದ ಒಂಬತ್ತನ್ನು ಬಾಳಿಸಬಹುದು. ಒಂದೇ ಚಾರ್ಜರು ಎಲ್ಲಕ್ಕೂ ಹೊಂದುವುದು.

ವಿದ್ಯುತ್ತಿನ ಲೆಕ್ಕವನ್ನೂ ಮಾಡಬೇಕು. ೪೫ ವ್ಯಾಟಿನ ಚಾರ್ಜರುಗಳು ಹತ್ತು ಒಟ್ಟಿಗೆ ನಡೆದರೂ ೪೫೦ ವ್ಯಾಟನ್ನು ಮೀರವು. ಇದು ಸಾಮಾನ್ಯ ಮನೆಯ ಇನ್ವರ್ಟರಿನ ಅಳವಿಗೆ ಒಳಪಟ್ಟುದು. ಮೇಜಿನ ಗಣಕಗಳಿಗಾದರೆ ಪ್ರತಿಯೊಂದಕ್ಕೂ ಯುಪಿಎಸ್ ಬೇಕು. ಅದರ ಬ್ಯಾಟರಿಯ ಬದಲಾವಣೆಯ ವೆಚ್ಚವೂ ಬೇರೆ. ಕರೆಂಟು ಹೋದರೂ ಪಾಠವು ನಿಲ್ಲದಿರುವುದೇ ಹಳ್ಳಿಯ ಶಾಲೆಯಲ್ಲಿ ಲ್ಯಾಪ್‌ಟಾಪಿನ ಸಾರ್ಥಕತೆ.

ಅಂತರ್ಜಾಲವಿಲ್ಲದೆಯೂ ನಡೆಯುವ ಪುಸ್ತಕಭಂಡಾರವನ್ನು ಪ್ರತಿಯೊಂದು ಯಂತ್ರದಲ್ಲಿಯೂ ತುಂಬಿಡುವುದು ಇನ್ನೊಂದು ಕರ್ತವ್ಯ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು ಪಿಡಿಎಫ್ ರೂಪದಲ್ಲಿ ದೊರೆಯುವುವು. ಕನ್ನಡ ವಿಕಿಪೀಡಿಯವನ್ನು ಕೀವಿಕ್ಸ್ ಎಂಬ ತಂತ್ರಾಂಶದಿಂದ ಇಡಿಯಾಗಿ ಇಳಿಸಿಟ್ಟುಕೊಳ್ಳಬಹುದು. ವಿಕಿಸೋರ್ಸಿನಲ್ಲಿ ಹಕ್ಕುಸ್ವಾಮ್ಯ ಮುಗಿದ ಕೃತಿಗಳುಂಟು. ತಿಂಗಳಿಗೊಮ್ಮೆ ಇಂಡಿಯಲ್ಲೋ ವಿಜಾಪುರದಲ್ಲೋ ಇವನ್ನು ಪೆನ್‌ಡ್ರೈವಿನಲ್ಲಿ ತಂದು ತುಂಬಿದರೂ ಕೆಲಸ ನಡೆಯುವುದು.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯೆಂದರೆ, ಇರುವ ಹಣದಲ್ಲಿ ನಲವತ್ತು ಮಕ್ಕಳಿಗೆ ನಲವತ್ತು ಬಡಯಂತ್ರಗಳೋ, ಹತ್ತು ಒಳ್ಳೆಯ ಯಂತ್ರಗಳೋ ಎಂಬುದು. ಪೆರುವಿನ ಪಾಠವನ್ನೂ ಕಾಸರಗೋಡಿನ ಪಾಠವನ್ನೂ ಒಟ್ಟಿಗಿರಿಸಿ ನೋಡಿದರೆ ಎರಡನೆಯದೇ ಯುಕ್ತವೆಂದು ನನ್ನ ಅಭಿಪ್ರಾಯ. ನಾಲ್ವರು ಒಂದು ಯಂತ್ರದ ಸುತ್ತ ಕುಳಿತು ಒಂದು ವಚನದ ಎರಡು ಪಾಠಗಳನ್ನು ಹೋಲಿಸಿ, ಒಬ್ಬನು ಟೈಪು ಮಾಡಿ, ಒಬ್ಬಳು ಓದಿ ಹೇಳಿ, ಮಿಕ್ಕವರು ತಿದ್ದಿ, ಒಂದು ಪುಟವನ್ನು ಸಿದ್ಧಮಾಡಿದರೆ ಅಲ್ಲಿ ಕಲಿಕೆಯು ನಡೆಯಿತು. ನಲವತ್ತು ಮಂದಿ ನಲವತ್ತು ನಿಧಾನಯಂತ್ರಗಳ ಮುಂದೆ ಕಾಯುತ್ತ ಕುಳಿತರೆ ನಡೆದುದು ಕಾಯುವಿಕೆ ಮಾತ್ರ. ಇಲ್ಲಿ ಒಂದು ಆಕ್ಷೇಪಣೆ ಬರಬಹುದು: ಹಂಚಿಕೊಂಡ ಯಂತ್ರವನ್ನು ಬಲವಂತನೇ ಹಿಡಿದು ಕುಳಿತು, ನಾಚುವ ಹುಡುಗಿಯು ಹಿಂದೆ ಉಳಿಯುವಳಲ್ಲವೇ? ಇದು ನಿಜವಾದ ಭಯವು. ಸರದಿಯ ಪಟ್ಟಿಯನ್ನು ಗೋಡೆಗೆ ಅಂಟಿಸಿ, ಕೀಲಿಮಣೆಯು ಕಾಲುತಾಸಿಗೊಮ್ಮೆ ಕೈಬದಲಾಗುವಂತೆ ಮಾಡುವುದು ಉಪಾಧ್ಯಾಯರ ಹೊಣೆ. ಇದನ್ನು ಮಾಡದ ಶಾಲೆಗೆ ಯಾವ ಯಂತ್ರವೂ ಉಪಕಾರವಾಗದು.

೯. ವ್ಯವಸ್ಥೆ

ಕೊಂಡ ಮೇಲಣ ವ್ಯವಸ್ಥೆಯನ್ನು ಕುರಿತು ಎರಡು ಮಾತು. ಒಟ್ಟು ಹಣದಲ್ಲಿ ಹತ್ತರಲ್ಲೊಂದು ಪಾಲನ್ನು ರಿಪೇರಿಗೆಂದು ಮೊದಲೇ ತೆಗೆದಿರಿಸಬೇಕು. ಯಂತ್ರಕ್ಕೊಂದು ಸಂಖ್ಯೆ, ಸಂಖ್ಯೆಗೊಂದು ಪುಟ, ಪುಟದಲ್ಲಿ ಕೊಂಡ ದಿನ, ಕೆಟ್ಟ ದಿನ, ಮಾಡಿಸಿದ ರಿಪೇರಿ ಇವನ್ನು ಬರೆಯುವ ರಿಜಿಸ್ಟರು ಇರಬೇಕು. ಸರಕಾರಿ ಶಾಲೆಗಳ ಖರೀದಿಗೆ ೨೦೧೬ರಲ್ಲಿ ತೊಡಗಿದ ಜೆಮ್ ಎಂಬ ಸರಕಾರಿ ಪೇಟೆಯುಂಟು. ಅಲ್ಲಿ ಬೇಡಿಕೆಯನ್ನು ಬರೆಯುವಾಗ ಮೇಲಿನ ಅಂಗಗಳನ್ನೂ, ಮೂರು ವರ್ಷಗಳ ಹೊಣೆಯನ್ನೂ, ಸ್ಥಳಕ್ಕೆ ಬಂದು ಮಾಡುವ ರಿಪೇರಿಯನ್ನೂ ಸ್ಪಷ್ಟವಾಗಿ ನಮೂದಿಸದಿದ್ದರೆ ಅತಿ ಕಡಿಮೆ ಬೆಲೆಯದೇ ಬಂದು ಬೀಳುವುದು. ಕೆಟ್ಟ ಬ್ಯಾಟರಿಗಳನ್ನು ತಿಪ್ಪೆಗೆ ಎಸೆಯದೆ, ಬ್ಯಾಟರಿ ತ್ಯಾಜ್ಯದ ೨೦೨೨ರ ನಿಯಮಗಳಂತೆ ಅನುಮತಿ ಪಡೆದವರಿಗೇ ಒಪ್ಪಿಸಬೇಕು. ಯಂತ್ರಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಕಾಪಾಡುವುದು ರಕ್ಷಣೆಯಲ್ಲ; ವರ್ಷಗಟ್ಟಲೆ ಚಾರ್ಜಿಲ್ಲದೆ ಬಿದ್ದ ಬ್ಯಾಟರಿಯು ಬಳಸದೆಯೇ ಸಾಯುವುದು.

೧೦. ಉಪಸಂಹಾರ

ಇದುವರೆಗಿನ ವಿಚಾರದ ಸಾರವಿಷ್ಟು. ಒಂಟಿ ವಿದ್ಯಾರ್ಥಿಗೆ: ೮ ಜಿಬಿ ರ‍್ಯಾಮ್, ೨೫೬ ಜಿಬಿ ಎಸ್‌ಎಸ್‌ಡಿ, ಸ್ಪಷ್ಟವಾದ ತೆರೆ, ಬದಲಿಸಬಹುದಾದ ಬ್ಯಾಟರಿಯುಳ್ಳ ಯಂತ್ರ, ಹೊಸದಕ್ಕೆ ಹಣವಿಲ್ಲದಿದ್ದರೆ ಇದೇ ಗುಣಗಳುಳ್ಳ ಬಳಸಿದ ಕಚೇರಿ ಯಂತ್ರ. ತರಗತಿಗೆ: ಒಂದೇ ಮಾದರಿಯ ಕೆಲವು ಗಟ್ಟಿ ಯಂತ್ರಗಳು, ಒಂದು ಪ್ರೊಜೆಕ್ಟರು, ಒಂದು ಇನ್ವರ್ಟರು, ತುಂಬಿದ ಪುಸ್ತಕಭಂಡಾರ, ಬಲ್ಲ ಉಪಾಧ್ಯಾಯರು. ಇಬ್ಬರಿಗೂ: ಕನ್ನಡದ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಯಂತ್ರವು ಎಷ್ಟು ಅಗ್ಗವಾದರೂ ತುಟ್ಟಿಯೇ.

ಹಳಕಟ್ಟಿಯವರು ಓಲೆಗರಿಗಳನ್ನು ಮನೆಮನೆಗೆ ಹೋಗಿ ಹುಡುಕಿ ಅಚ್ಚಿಗೆ ತಂದ ಸೀಮೆಯಲ್ಲಿ, ಇನ್ನೂ ಅಚ್ಚನ್ನು ಕಾಣದ ಹಾಡುಗಳೂ ಗಾದೆಗಳೂ ಹೊಲದ ಮಾತುಗಳೂ ಹಿರಿಯರ ನಾಲಗೆಯ ಮೇಲೆ ಇರುವುವು. ಲಚ್ಯಾಣದ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜಿಯ ಬೀಸುವ ಕಲ್ಲಿನ ಹಾಡನ್ನು ಕೇಳಿ, ತಪ್ಪಿಲ್ಲದ ಕನ್ನಡದಲ್ಲಿ ಟೈಪು ಮಾಡಿ ಉಳಿಸಲು ಶಕ್ತಳಾದರೆ, ಅವಳ ಮನೆಯವರು ಸುಗ್ಗಿಯ ಹಣದಿಂದ ಕೊಂಡ ಯಂತ್ರವು ತನ್ನ ಬೆಲೆಯನ್ನು ತೀರಿಸಿದಂತೆ. ಅಂಥ ಯಂತ್ರವನ್ನು ಆರಿಸುವಲ್ಲಿ ಈ ಲೇಖನವು ಯಾವ ಉಪಾಧ್ಯಾಯರಿಗಾದರೂ ಸ್ವಲ್ಪ ನೆರವಾದರೆ ಲೇಖಕನ ಶ್ರಮವು ಸಾರ್ಥಕವಾಯಿತು. ಇದರಲ್ಲಿಯ ನ್ಯೂನತೆಗಳನ್ನು ಬಲ್ಲವರು ತಿದ್ದಿ ತಿಳಿಸಬೇಕಾಗಿ ಪ್ರಾರ್ಥನೆ.